ದಾವೆಗೆ ಮೊದಲು ಒಂದು ಕಾಗದ

ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಮೂರು ತಿಂಗಳು ಇದ್ದು ಬಂದೆ. ಆಗ ನಡೆದ ಸಣ್ಣ ಪ್ರಸಂಗವೊಂದು ಇಂದಿಗೂ ನನ್ನ ಮನಸ್ಸಿನಿಂದ ಮರೆಯಾಗಿಲ್ಲ. ಅದನ್ನೇ ನೆಪವಾಗಿಟ್ಟುಕೊಂಡು ಆ ದೇಶದ ಆಸ್ತಿವ್ಯಾಜ್ಯಗಳ ಬಗೆಗೆ, ಅವು ನ್ಯಾಯಾಲಯದಲ್ಲಿ ನಡೆಯುವ ಕ್ರಮದ ಬಗೆಗೆ ಓದಿ ತಿಳಿದ ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿದೆ. ನಾನು ವಕೀಲನಲ್ಲ, ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿದವನು. ಆದರೆ ವ್ಯಾಜ್ಯವೆಂದರೇನೆಂದು ಪುಸ್ತಕದಿಂದ ಮಾತ್ರ ತಿಳಿದವನೂ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಆ ಚಳಿಗಾಲದ ಬಿರುಗಾಳಿಗೆ ಮಗಳ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದ ಹಳೆಯ ಮರದ ಬೇಲಿ ನೆಲಕ್ಕುರುಳಿತು. ಪಕ್ಕದ ಮನೆಯ ವೃದ್ಧರು ತಮ್ಮ ಖರ್ಚಿನಲ್ಲೇ ಹೊಸ ಬೇಲಿ ಹಾಕಿಸಿದರು. ಹಾಕಿಸಿದ ಮೇಲೆ ನೋಡಿದರೆ ಅದು ಹಳೆಯ ಕಂಬಗಳಿದ್ದ ಜಾಗಕ್ಕಿಂತ ಒಂದು ಗೇಣು ಈಚೆಗೆ, ಮಗಳ ಹಿತ್ತಿಲಿನೊಳಗೆ, ಬಂದಿತ್ತು. ಮಗಳೂ ಅಳಿಯನೂ ಅದನ್ನು ಗಮನಿಸಿಯೇ ಇರಲಿಲ್ಲ, ಗಮನಿಸಿದವನು ನಾನು. “ಇಂದು ಗೇಣು ಬಿಟ್ಟರೆ ನಾಳೆ ಮಾರು ಹೋಗುತ್ತದೆ. ವಕೀಲರಿಂದ ಒಂದು ನೋಟೀಸು ಕೊಡಿಸಿಬಿಡಿ” ಎಂದು ಅಳಿಯನನ್ನು ಎಬ್ಬಿಸಿ ಕಳುಹಿಸಿದೆ. “ಅಪ್ಪ, ಆ ಗೇಣು ಜಾಗದಲ್ಲಿ ನಾವೇನು ಭತ್ತ ಬೆಳೆಯುತ್ತೇವೆಯೇ?” ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಅಳಿಯ ಸೊಲಿಸಿಟರೊಬ್ಬರನ್ನು ಕಂಡು ಬಂದರು. “ಮಾವ, ಅವರು ನೋಟೀಸಿನ ಮಾತನ್ನೇ ಎತ್ತಲಿಲ್ಲ. ಮೊದಲು ನೀವೇ ಒಂದು ಸೌಜನ್ಯದ ಕಾಗದ ಬರೆಯಿರಿ, ಇಬ್ಬರ ಬಳಿಯೂ ಇರುವ ದಾಖಲೆಗಳನ್ನು ಒಟ್ಟಿಗೆ ಕುಳಿತು ನೋಡಿ, ಆಮೇಲೂ ಬಗೆಹರಿಯದಿದ್ದರೆ ಬನ್ನಿ ಎಂದರು. ಕೋರ್ಟಿಗೆ ಹೋದರೆ ಅಲ್ಲಿ ಮೊದಲು ಕೇಳುವುದೇ ಅದನ್ನಂತೆ” ಎಂದರು. ಬಂದ ಕಕ್ಷಿಯನ್ನು ಮನೆಗೆ ತಿರುಗಿ ಕಳುಹಿಸುವ ವಕೀಲರನ್ನು ನಾನು ಆವರೆಗೆ ಕಂಡಿರಲಿಲ್ಲ. ಇದು ಆ ವ್ಯಕ್ತಿಯ ಒಳ್ಳೆಯತನವೋ ಅಥವಾ ಆ ದೇಶದ ಕಾನೂನೇ ಹಾಗೋ ಎಂಬ ಕುತೂಹಲ ಹುಟ್ಟಿತು. ಊರಿನ ಗ್ರಂಥಾಲಯದಲ್ಲಿ ಕುಳಿತು ಓದತೊಡಗಿದೆ.

ಇಂಗ್ಲಿಷ್ ಮೇಷ್ಟರಿಗೆ ಇಂಗ್ಲೆಂಡಿನ ನ್ಯಾಯಾಲಯವೆಂದರೆ ಮೊದಲು ನೆನಪಾಗುವವನು ಚಾರ್ಲ್ಸ್ ಡಿಕನ್ಸ್. 1852–53ರಲ್ಲಿ ಕಂತುಗಳಾಗಿ ಪ್ರಕಟವಾದ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಜಾರ್ನ್‌ಡೈಸ್ ಮನೆತನದ ಆಸ್ತಿಯ ದಾವೆ ತಲೆಮಾರುಗಟ್ಟಲೆ ನಡೆಯುತ್ತದೆ. ಕೊನೆಗೆ ಆಸ್ತಿಯೆಲ್ಲ ಖರ್ಚಿಗೇ ಕರಗಿಹೋಗಿ ದಾವೆ ತಾನಾಗಿಯೇ ಮುಗಿದುಹೋಗುತ್ತದೆ. ಇದು ಬರಿಯ ಕಲ್ಪನೆಯಲ್ಲ. ತನ್ನ ‘ಎ ಕ್ರಿಸ್ಮಸ್ ಕ್ಯಾರಲ್’ ಕಥೆಯನ್ನು ಕದ್ದು ಅಚ್ಚುಹಾಕಿದವರ ಮೇಲೆ ಡಿಕನ್ಸ್ 1844ರಲ್ಲಿ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿ ಗೆದ್ದಿದ್ದ. ಸೋತವರು ದಿವಾಳಿ ಘೋಷಿಸಿಕೊಂಡರು. ಸುಮಾರು 700 ಪೌಂಡ್ ಖರ್ಚು ಗೆದ್ದವನ ತಲೆಗೇ ಬಂತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಯನ್ನು ಆತ ಕೇಳಿರಲಿಲ್ಲ. ಆದರೆ ಅದರ ಅರ್ಥವನ್ನು ಅನುಭವಿಸಿದ್ದ.

1873–75ರ ನ್ಯಾಯಾಂಗ ಕಾಯ್ದೆಗಳು ಹಳೆಯ ಚಾನ್ಸರಿ ನ್ಯಾಯಾಲಯವನ್ನೂ ಉಳಿದ ನ್ಯಾಯಾಲಯಗಳನ್ನೂ ಒಂದೇ ಸೂರಿನಡಿಗೆ ತಂದವು. ಆದರೂ ವಿಳಂಬ, ಖರ್ಚು ಎಂಬ ಎರಡು ರೋಗಗಳು ಮತ್ತೊಂದು ಶತಮಾನಕ್ಕೂ ಮಿಕ್ಕಿ ಉಳಿದುಕೊಂಡವು. ದಾವೆಯ ವೇಗವನ್ನು ನಿರ್ಧರಿಸುತ್ತಿದ್ದವರು ನ್ಯಾಯಾಧೀಶರಲ್ಲ, ಎರಡು ಪಕ್ಷದ ವಕೀಲರು. ಈ ಸ್ಥಿತಿಯನ್ನು ಪರಿಶೀಲಿಸಿದ ಲಾರ್ಡ್ ವುಲ್ಫ್ 1996ರಲ್ಲಿ ಅಂತಿಮ ವರದಿ ಕೊಟ್ಟರು. ಅದರ ಫಲವಾಗಿ ರಚಿತವಾದ ಸಿವಿಲ್ ಪ್ರೊಸೀಜರ್ ರೂಲ್ಸ್ 1999ರ ಏಪ್ರಿಲ್ 26ರಂದು ಜಾರಿಗೆ ಬಂದವು. ಶತಮಾನಗಳಿಂದ ಬಳಕೆಯಲ್ಲಿದ್ದ ‘ಪ್ಲೇಂಟಿಫ್’ ಎಂಬ ಪದವನ್ನು ಕೈಬಿಟ್ಟು, ಸಾಮಾನ್ಯರಿಗೂ ತಿಳಿಯಲೆಂದು ವಾದಿಯನ್ನು ‘ಕ್ಲೇಮಂಟ್’ ಎಂದು ಕರೆದರು. ಪದ ಬದಲಾದುದು ಸಣ್ಣ ವಿಷಯ. ದಾವೆಯ ಹೊಣೆಯನ್ನು ನ್ಯಾಯಾಧೀಶರು ಕೈಗೆತ್ತಿಕೊಂಡು, ಯಾವ ಕೆಲಸ ಯಾವ ದಿನಕ್ಕೆ ಮುಗಿಯಬೇಕೆಂದು ಅವರೇ ಗೊತ್ತುಮಾಡತೊಡಗಿದ್ದು ದೊಡ್ಡ ವಿಷಯ. ದಾವೆಯನ್ನು ನ್ಯಾಯವಾಗಿ ನಡೆಸುವುದೇ ಎಲ್ಲ ನಿಯಮಗಳ ಗುರಿ ಎಂದು ಮೊದಲ ನಿಯಮವೇ ಸಾರುತ್ತದೆ. ವಿಷಯದ ಯೋಗ್ಯತೆಗೆ ತಕ್ಕ ಖರ್ಚಿನಲ್ಲಿ ಎಂಬ ಮಾತನ್ನು 2013ರಲ್ಲಿ ಅದಕ್ಕೆ ಸೇರಿಸಿದರು.

ಓದುಗರಿಗೆ ಈ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ದಾವೆ ಹೂಡುವ ಮುನ್ನ ವಾದಿಯಾಗಲಿರುವವನು ಎದುರು ಪಕ್ಷಕ್ಕೆ ಕಾಗದ ಬರೆಯಬೇಕು. ತನ್ನ ಅಹವಾಲೇನು, ಅದಕ್ಕೆ ಆಧಾರವೇನು, ತಾನು ಬಯಸುವ ಪರಿಹಾರವೇನು ಎಂಬುದು ಅದರಲ್ಲಿರಬೇಕು. ಸರಳ ವಿಷಯವಾದರೆ 14 ದಿನಗಳಲ್ಲಿ, ಬಹಳ ಜಟಿಲವಾದರೆ ಹೆಚ್ಚೆಂದರೆ ಮೂರು ತಿಂಗಳೊಳಗೆ ಉತ್ತರ ಬರಬೇಕು. ಮುಖ್ಯ ದಾಖಲೆಗಳನ್ನು ಇಬ್ಬರೂ ಪರಸ್ಪರ ತೋರಿಸಬೇಕು. ಇದು ಫಲಿಸದಿದ್ದರೆ ಮಾತ್ರ ದಾವೆ. ದಾವೆಯ ಪತ್ರಗಳ ಕೊನೆಯಲ್ಲಿ, ಇದರಲ್ಲಿ ಹೇಳಿದ ಸಂಗತಿಗಳು ಸತ್ಯವೆಂದು ನಂಬುತ್ತೇನೆ ಎಂದು ಕಕ್ಷಿಯ ಹೇಳಿಕೆ ಇರಬೇಕು. ಸುಳ್ಳೆಂದು ಗೊತ್ತಿದ್ದೂ ಹಾಗೆ ಬರೆದರೆ ಅದು ನ್ಯಾಯಾಂಗ ನಿಂದನೆಯಾಗಬಹುದು. ಭೂಮಾಪಕರಂಥ ತಜ್ಞರು ಬೇಕಾದರೆ ಇಬ್ಬರಿಗೂ ಸೇರಿ ಒಬ್ಬರನ್ನೇ ನೇಮಿಸುವಂತೆ ನ್ಯಾಯಾಲಯ ಹೇಳಬಹುದು. ಆ ತಜ್ಞರು ಯಾರಿಂದ ಸಂಬಳ ಪಡೆದರೂ ಅವರ ಮೊದಲ ಋಣ ನ್ಯಾಯಾಲಯಕ್ಕೆ.

ಇನ್ನು ಗಡಿಯ ವಿಷಯ. ಇಂಗ್ಲೆಂಡಿನಲ್ಲಿ ಜಮೀನಿನ ಹಕ್ಕನ್ನು ಲ್ಯಾಂಡ್ ರಿಜಿಸ್ಟ್ರಿ ಎಂಬ ಸರ್ಕಾರಿ ಸಂಸ್ಥೆ ನೋಂದಾಯಿಸುತ್ತದೆ. 1862ರಲ್ಲಿ ಹುಟ್ಟಿದ ಆ ಸಂಸ್ಥೆಯ ನಕ್ಷೆಯಲ್ಲಿ ಪ್ರತಿ ಸ್ವತ್ತಿನ ಸುತ್ತಲೂ ಒಂದು ಕೆಂಪು ಗೆರೆ ಇರುತ್ತದೆ. ಅಳಿಯ ಆ ನಕ್ಷೆಯನ್ನು ತರಿಸಿದಾಗ, ಇನ್ನೇನು ವಿವಾದ ಮುಗಿದೇಹೋಯಿತು ಎಂದುಕೊಂಡೆ. ಆದರೆ ಆ ಗೆರೆ ಗಡಿಯನ್ನು ಸ್ಥೂಲವಾಗಿ ಮಾತ್ರ ತೋರಿಸುತ್ತದೆಂದು 2002ರ ಭೂ ನೋಂದಣಿ ಕಾಯ್ದೆಯೇ ಹೇಳುತ್ತದೆ. ಮೇಷ್ಟರ ಲೆಕ್ಕದಲ್ಲಿ ನೋಡಿ: ಪಟ್ಟಣಗಳ ನಕ್ಷೆಯ ಪ್ರಮಾಣ 1:1250. ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ನೆಲದ ಮೇಲೆ ಅದು ಅರವತ್ತೆರಡೂವರೆ ಸೆಂಟಿಮೀಟರ್. ನಮ್ಮ ಜಗಳದ ಗೇಣು ಆ ಗೆರೆಯ ಹೊಟ್ಟೆಯೊಳಗೇ ಮುಳುಗಿಹೋಗುತ್ತಿತ್ತು!

ನಕ್ಷೆ ಹೇಳದ್ದನ್ನು ಹಳೆಯ ಕ್ರಯಪತ್ರ, ಹಳೆಯ ಛಾಯಾಚಿತ್ರ, ನೆಲದ ಮೇಲಿನ ಗುರುತು ಇವುಗಳಿಂದ ಊಹಿಸಬೇಕು. ಹೊಲಗಳ ನಡುವೆ ಹಳ್ಳ ತೋಡಿ, ಅದರ ಪಕ್ಕದಲ್ಲಿ ಪೊದೆಬೇಲಿ ಬೆಳೆಸಿದ್ದರೆ ಅಲ್ಲೊಂದು ಹಳೆಯ ಊಹೆಯಿದೆ: ಹಳ್ಳ ತೋಡಿದವನು ತನ್ನ ನೆಲದ ಅಂಚಿನಲ್ಲೇ ತೋಡಿ, ಮಣ್ಣನ್ನು ತನ್ನ ಕಡೆಗೇ ಹಾಕಿ, ಅದರ ಮೇಲೆ ಬೇಲಿ ನೆಟ್ಟಿರುತ್ತಾನೆ, ಆದ್ದರಿಂದ ಬೇಲಿಯೂ ಹಳ್ಳವೂ ಅವನವೇ. ಇಂಥ ಒಂದು ಬೇಲಿ, ಒಂದು ಹಳ್ಳದ ಪ್ರಶ್ನೆ 1999ರಲ್ಲಿ ಆಗಿನ ಅತ್ಯುನ್ನತ ನ್ಯಾಯಸ್ಥಾನವಾದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ತೀರ್ಪು ಬರೆದ ಲಾರ್ಡ್ ಹಾಫ್‌ಮನ್, ಗಡಿವ್ಯಾಜ್ಯಗಳಷ್ಟು ನೋವು ತರುವ ದಾವೆಗಳು ಕಡಿಮೆ ಎಂಬ ಅರ್ಥದ ಮಾತನ್ನಾಡಿ, ಬೆಲೆಯಿಲ್ಲದ ತುಂಡುಭೂಮಿಗಾಗಿ ಹೋರಾಡುವವರನ್ನು ‘ಹ್ಯಾಮ್ಲೆಟ್’ ನಾಟಕದ ಫೋರ್ಟಿನ್‌ಬ್ರಾಸನ ಸೈನ್ಯಕ್ಕೆ ಹೋಲಿಸಿದರು. ಆ ನಾಟಕದಲ್ಲಿ ಗೇಣಿಗೆ ಕೊಂಡರೂ ನಷ್ಟವಾಗುವಂಥ ನೆಲಕ್ಕಾಗಿ ಸಾವಿರಾರು ಸೈನಿಕರು ಸಾಯಲು ಹೊರಟಿರುತ್ತಾರೆ. ಗ್ರಂಥಾಲಯದಲ್ಲಿ ಇದನ್ನು ಓದುತ್ತಿದ್ದಾಗ ಯಾರೋ ಬೆನ್ನ ಹಿಂದೆ ನಿಂತು ನನ್ನ ಕಿವಿ ಹಿಂಡಿದಂತಾಯಿತು.

ಏಕೆಂದರೆ ನಾನೂ ಅಂಥ ಸೈನ್ಯದಲ್ಲಿ ದುಡಿದವನೇ. ನಮ್ಮ ತಂದೆಗೂ ಚಿಕ್ಕಪ್ಪನಿಗೂ ಹೊಲದ ಬದುವಿನ ಬಗ್ಗೆ 1971ರಲ್ಲಿ ತಕರಾರು ಬಂತು. ಬದುವಿನ ಅಗಲ ಒಂದೂವರೆ ಮೊಳ. ಆಗತಾನೆ ಕೆಲಸಕ್ಕೆ ಸೇರಿದ್ದ ನಾನು ಮನೆಯಲ್ಲಿ ಇಂಗ್ಲಿಷ್ ಬಲ್ಲ ಏಕೈಕ ವ್ಯಕ್ತಿ. ಚಿಕ್ಕಪ್ಪನಿಗೆ ಕೊಟ್ಟ ಮೊದಲ ಕಾಗದವನ್ನು ಬರೆದವನು ನಾನೇ. ಬಾಲ್ಯದಲ್ಲಿ ಮಳೆಗಾಲದ ದಿನಗಳಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿ ಶಾಲೆಗೆ ಬಿಟ್ಟು ಬರುತ್ತಿದ್ದ ಅವರನ್ನು ಆ ಕಾಗದದಲ್ಲಿ ಅತಿಕ್ರಮಣಕಾರ ಎಂದು ಕರೆದೆ. ಏಳು ದಿನಗಳ ಗಡುವು ಕೊಟ್ಟೆ. ವಾಕ್ಯಗಳು ಎಷ್ಟು ಸೊಗಸಾಗಿ ಕೂಡಿಬಂದಿವೆ ಎಂದು ಹೆಮ್ಮೆಪಟ್ಟದ್ದೂ ನೆನಪಿದೆ. ಮುನ್ಸೀಫ್ ಕೋರ್ಟಿನಲ್ಲಿ ಒಂಬತ್ತು ವರ್ಷ, ಅಪೀಲಿನಲ್ಲಿ ಮತ್ತೆ ಐದು ವರ್ಷ ವಾಯಿದೆಗಳ ಮೇಲೆ ವಾಯಿದೆ ಬಿದ್ದವು. ಅಷ್ಟರಲ್ಲಿ ಇಬ್ಬರು ಅಣ್ಣತಮ್ಮಂದಿರೂ ಒಬ್ಬರ ಮುಖ ಒಬ್ಬರು ನೋಡದೆಯೇ ತೀರಿಕೊಂಡರು. ಕೊನೆಗೆ ನಾವು ಮಕ್ಕಳು ರಾಜಿ ಮಾಡಿಕೊಂಡೆವು. ಬದು ಇದ್ದಲ್ಲೇ ಇದೆ.

ಈ ಕಥೆಗೂ ಇಂಗ್ಲೆಂಡಿಗೂ ಸಂಬಂಧವಿದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ 1859ರಲ್ಲಿ ಮೊದಲು ಬಂದು, 1908ರಲ್ಲಿ ಈಗಿನ ರೂಪ ತಳೆದದ್ದು ಬ್ರಿಟಿಷರ ಕೈಯಲ್ಲಿ. ಅದರ ಅಚ್ಚು ಬಹುಮಟ್ಟಿಗೆ ಆ ಕಾಲದ ಇಂಗ್ಲಿಷ್ ನಿಯಮಗಳದು. ಹೊಲಿದುಕೊಟ್ಟವರು ತಮ್ಮ ಅಂಗಿಯನ್ನು 1999ರಲ್ಲಿ ಬಿಚ್ಚಿ ಹೊಸದನ್ನು ತೊಟ್ಟರು. ನಾವು ಹಳೆಯದಕ್ಕೇ ತೇಪೆ ಹಾಕುತ್ತ ಬಂದಿದ್ದೇವೆ. ಕೆಲವು ತೇಪೆಗಳು ಒಳ್ಳೆಯವೇ: ನ್ಯಾಯಾಲಯವೇ ಪಕ್ಷಗಾರರನ್ನು ರಾಜಿ ಮಾತುಕತೆಗೆ ಕಳುಹಿಸಲು ಅವಕಾಶ ಕೊಡುವ 89ನೆಯ ಕಲಮು 2002ರಲ್ಲಿ ಜಾರಿಗೆ ಬಂತು, 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆಯೂ ಆಯಿತು. ಆದರೆ ದಾವೆಗೆ ಮುನ್ನ ನೀನು ಹೇಗೆ ನಡೆದುಕೊಂಡೆ ಎಂದು ಕೇಳಿ, ಅದರ ಬೆಲೆಯನ್ನು ಖರ್ಚಿನ ರೂಪದಲ್ಲಿ ವಸೂಲು ಮಾಡುವ ಗಟ್ಟಿತನ ನಮ್ಮಲ್ಲಿ ಇನ್ನೂ ಬಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಆ ಗಟ್ಟಿತನ ಕೆಲಸ ಮಾಡುವ ಬಗೆ ಹೀಗೆ. ಸೋತವನು ಗೆದ್ದವನ ಖರ್ಚನ್ನೂ ಕೊಡಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ಅದರ ಜೊತೆಗೆ 36ನೆಯ ಭಾಗವೆಂಬ ಒಂದು ಜಾಣತನದ ನಿಯಮವಿದೆ. ಎಂಬತ್ತು ಸಾವಿರ ಪೌಂಡಿಗೆ ದಾವೆ ಹೂಡಿದವನಿಗೆ ಎದುರಾಳಿ, ಐವತ್ತು ಸಾವಿರ ಕೊಡುತ್ತೇನೆ, ಮುಗಿಸೋಣ ಎಂದು ವಿಧಿಪೂರ್ವಕವಾಗಿ ಬರೆದನೆನ್ನಿ. ಯೋಚಿಸಲು ಕನಿಷ್ಠ 21 ದಿನಗಳ ಅವಕಾಶ ಕೊಡಬೇಕು. ವಾದಿ ಒಪ್ಪಲಿಲ್ಲ. ವಿಚಾರಣೆ ನಡೆಸುವ ನ್ಯಾಯಾಧೀಶರಿಗೆ ಈ ಸಂಗತಿಯನ್ನು ತೀರ್ಪಿಗೆ ಮುಂಚೆ ಹೇಳುವಂತಿಲ್ಲ. ಕೊನೆಗೆ ಅವರು ನಲವತ್ತು ಸಾವಿರ ಕೊಡಿಸಿದರು. ಹೆಸರಿಗೆ ವಾದಿ ಗೆದ್ದ. ಆದರೆ ಆ ಗಡುವು ಮುಗಿದ ದಿನದಿಂದ ಮುಂದಿನ ಎದುರಾಳಿಯ ಖರ್ಚನ್ನು ಸಾಮಾನ್ಯವಾಗಿ ಅವನೇ ತೆರಬೇಕು. ಮೊಂಡುತನಕ್ಕೆ ಇದಕ್ಕಿಂತ ನಿಖರವಾದ ದಂಡವನ್ನು ನಾನು ಕಂಡಿಲ್ಲ.

ಮಾತುಕತೆಗೆ ಬರಲೊಲ್ಲೆ ಎನ್ನುವವರಿಗೂ ಇದೇ ಪಾಠ. ರೈಲು ಹಳಿಯ ಪಕ್ಕದ ಗೇಟು ತೆರೆದಿದ್ದ ಕಾರಣ ಕುದುರೆಗಳು ಹಳಿಯ ಮೇಲೆ ಹೋಗಿ ಸತ್ತವೆಂದು ಮಹಿಳೆಯೊಬ್ಬರು ರೈಲು ಹಳಿಗಳ ಒಡೆತನದ ರೈಲ್‌ಟ್ರ್ಯಾಕ್ ಸಂಸ್ಥೆಯ ಮೇಲೆ ದಾವೆ ಹೂಡಿದ್ದರು. ಅವರು ಮೇಲ್ಮನವಿಯಲ್ಲಿ ಸೋತರು. ಆದರೆ ಮಧ್ಯಸ್ಥಿಕೆಗೆ ಪ್ರಯತ್ನಿಸಿ ಎಂಬ ನ್ಯಾಯಾಲಯದ ಸಲಹೆಯನ್ನು ತಳ್ಳಿಹಾಕಿದ್ದಕ್ಕಾಗಿ, ಗೆದ್ದ ಸಂಸ್ಥೆಗೆ ಮೇಲ್ಮನವಿಯ ಖರ್ಚು ಸಿಗಲಿಲ್ಲ. ಇದು 2002ರ ಮಾತು. 2004ರಲ್ಲಿ ಹಾಲ್ಸಿ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ, ಒಲ್ಲದವರನ್ನು ಮಧ್ಯಸ್ಥಿಕೆಗೆ ಬಲವಂತವಾಗಿ ಕಳುಹಿಸುವುದು ನ್ಯಾಯಾಲಯಕ್ಕೆ ಹೋಗುವ ಹಕ್ಕಿಗೆ ಅಡ್ಡಿ ಎಂಬ ನಿಲುವು ತಳೆಯಿತು. ಸುಮಾರು ಎರಡು ದಶಕ ಅದೇ ನಡೆಯಿತು.

ಆಮೇಲೆ ಬಂದದ್ದು ಚರ್ಚಿಲ್ ಪ್ರಕರಣ. ಯುದ್ಧಕಾಲದ ಪ್ರಧಾನಿಯಲ್ಲ, ವೇಲ್ಸ್‌ನ ಮರ್ಥರ್ ಟಿಡ್ವಿಲ್‌ನ ಒಬ್ಬ ಮನೆಯೊಡೆಯ. ಇಂಗ್ಲೆಂಡಿಗೂ ವೇಲ್ಸ್‌ಗೂ ನ್ಯಾಯವ್ಯವಸ್ಥೆ ಒಂದೇ. ಪಕ್ಕದಲ್ಲಿದ್ದ ಸ್ಥಳೀಯ ಕೌನ್ಸಿಲ್‌ನ ಜಾಗದಿಂದ ಜಪಾನೀ ನಾಟ್‌ವೀಡ್ ಎಂಬ ಹಠಮಾರಿ ಕಳೆ ತನ್ನ ಸ್ವತ್ತಿಗೆ ನುಗ್ಗಿತೆಂಬುದು ಆತನ ದೂರು. ದಾವೆಗೆ ಮುನ್ನ ತಮ್ಮ ದೂರು ಪರಿಹಾರ ವ್ಯವಸ್ಥೆಗೆ ಬರಬೇಕಿತ್ತೆಂಬುದು ಕೌನ್ಸಿಲ್‌ನ ವಾದ. 2023ರ ನವೆಂಬರ್ 29ರಂದು ಮೇಲ್ಮನವಿ ನ್ಯಾಯಾಲಯ, ವಿಚಾರಣೆಯ ಹಕ್ಕಿನ ತಿರುಳಿಗೆ ಧಕ್ಕೆಯಾಗದಂತೆ, ವಿಷಯಕ್ಕೆ ತಕ್ಕ ಮಿತಿಯಲ್ಲಿ, ಪಕ್ಷಗಾರರನ್ನು ನ್ಯಾಯಾಲಯದ ಹೊರಗಿನ ಪರಿಹಾರಕ್ಕೆ ಕಳುಹಿಸುವ ಅಧಿಕಾರ ನ್ಯಾಯಾಧೀಶರಿಗೆ ಉಂಟು ಎಂದು ತೀರ್ಪಿತ್ತಿತು. 2024ರ ಅಕ್ಟೋಬರಿನಲ್ಲಿ ನಿಯಮಗಳಲ್ಲಿಯೂ ಅದು ಸೇರಿತು.

ಈ ತೀರ್ಪನ್ನು ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ನ್ಯಾಯ ಕೇಳಲು ಬಂದವನಿಗೆ ರಾಜಿಯಾಗು ಎನ್ನುವುದು, ಬಲ್ಲಿದನ ಎದುರು ಬಡವನನ್ನು ಬಗ್ಗಿಸುವ ಉಪಾಯವಾಗಬಹುದು. ಖರ್ಚಿನ ಭಯವೂ ಬಡವನಿಗೇ ಹೆಚ್ಚು. ಹತ್ತು ಸಾವಿರದಿಂದ ಎರಡು ಲಕ್ಷ ಪೌಂಡಿನವರೆಗಿನ ಹಣದ ದಾವೆಗೆ ಶೇಕಡಾ 5ರಷ್ಟು ಕೋರ್ಟು ಶುಲ್ಕ ಕಟ್ಟಬೇಕಾದ ದೇಶ ಅದು. 2012ರ ಕಾಯ್ದೆಯೊಂದು 2013ರಲ್ಲಿ ಜಾರಿಗೆ ಬಂದು ಬಹುತೇಕ ಸಿವಿಲ್ ವ್ಯಾಜ್ಯಗಳಿಗೆ ಸರ್ಕಾರಿ ಕಾನೂನು ನೆರವನ್ನು ಕಿತ್ತುಕೊಂಡಿತು. ವುಲ್ಫ್ ಅವರ ಸುಧಾರಣೆಯಿಂದ ಖರ್ಚು ಕಡಿಮೆಯಾಗುವ ಬದಲು ದಾವೆಯ ಆರಂಭಕ್ಕೇ ಸರಿದು ಬಂತೆಂಬ ಟೀಕೆಯೂ ಇದೆ. ಇವೆಲ್ಲವನ್ನೂ ಮರೆಮಾಚಿ ಇಂಗ್ಲೆಂಡನ್ನು ಹಾಡಿಹೊಗಳುವುದು ನನ್ನ ಉದ್ದೇಶವಲ್ಲ.

ಆದರೂ ನಾನು ಚರ್ಚಿಲ್ ತೀರ್ಪಿನ ಪರ. ಆಟದ ಮೈದಾನದಲ್ಲಿ ಹೊಡೆದಾಡಿದ ಇಬ್ಬರು ಹುಡುಗರನ್ನು ನಾನು ಮೊದಲು ಒಂದೇ ಬೆಂಚಿನ ಮೇಲೆ ಕೂರಿಸುತ್ತಿದ್ದೆ. ರಾಜಿಯಾಗಲೇಬೇಕೆಂದು ಹೇಳುತ್ತಿರಲಿಲ್ಲ, ಒಬ್ಬನ ಮಾತನ್ನು ಇನ್ನೊಬ್ಬ ಪೂರ್ತಿ ಕೇಳಬೇಕೆಂದಷ್ಟೇ ಹೇಳುತ್ತಿದ್ದೆ. ತಪ್ಪಿತಸ್ಥ ಯಾರೆಂದು ನಾನು ನಿರ್ಣಯಿಸಬೇಕಾದ ಸಂದರ್ಭಗಳೂ ಬಂದವು, ನಿರ್ಣಯಿಸಿದೆ. ಮಾತನಾಡಿಸುವುದು ಬೇರೆ, ಬಗ್ಗಿಸುವುದು ಬೇರೆ. ನ್ಯಾಯಾಲಯದ ಬಾಗಿಲು ತೆರೆದಿರುವವರೆಗೆ, ಅದರ ಮುಂದಿನ ಜಗಲಿಯಲ್ಲಿ ಇಬ್ಬರನ್ನೂ ಸ್ವಲ್ಪ ಹೊತ್ತು ಕೂರಿಸುವುದು ಅನ್ಯಾಯವಲ್ಲ. ಗಡಿ ಎಲ್ಲಿದೆ ಎಂದು ಡಿಕ್ರಿ ಹೇಳಬಲ್ಲದು. ಆ ಗಡಿಯ ಎರಡು ಬದಿಗೂ ಮರುದಿನದಿಂದ ಬದುಕಬೇಕಾದವರಿಗೆ ಹೇಗೆ ಬದುಕಬೇಕೆಂದು ಅದು ಹೇಳಲಾರದು.

ಮಗಳ ಮನೆಯ ಬೇಲಿಯ ಕಥೆ ಹೇಳಿ ಮುಗಿಸುತ್ತೇನೆ. ಕಾಗದವನ್ನು ನಾನೇ ಬರೆದುಕೊಡುತ್ತೇನೆಂದೆ; ಮಗಳು ಒಪ್ಪಲಿಲ್ಲ, ತಾನೇ ಬರೆದಳು. ಬಿದ್ದ ಬೇಲಿಯನ್ನು ಹಾಕಿಸಿದ್ದಕ್ಕೆ ಕೃತಜ್ಞತೆ, ಆಮೇಲೆ ಗೇಣಿನ ಸಂದೇಹ, ಕೊನೆಗೆ ಶನಿವಾರ ಟೀಗೆ ಬನ್ನಿ ಎಂಬ ಆಹ್ವಾನ. ವೃದ್ಧರು ಅಳತೆಯ ಟೇಪು ಹಿಡಿದೇ ಬಂದರು. ಹಳೆಯ ಕಂಬಗಳ ಬುಡದಲ್ಲಿ ಕಾಂಕ್ರೀಟು ಗಟ್ಟಿಯಾಗಿ ಕೂತಿದ್ದರಿಂದ ಕೆಲಸದವನು ಪಕ್ಕದಲ್ಲಿ ಹೊಸ ಗುಳಿ ತೋಡಿದ್ದ. ಅದು ಯಾವ ಕಡೆಗೆ ಸರಿಯಿತೆಂದು ಅವರೂ ನೋಡಿರಲಿಲ್ಲ. ಬೇಲಿ ಇರುವಲ್ಲೇ ಇರಲಿ, ನಿಜವಾದ ಗಡಿ ಹಳೆಯ ಕಂಬಗಳ ಸಾಲೇ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಒಂದು ಗಂಟೆಯ ಕೆಲಸ.

ಸಾಕ್ಷಿಯ ಸ್ಥಾನದಲ್ಲಿ ಸಹಿ ಹಾಕಲು ಮಗಳು ನನಗೆ ಹೇಳಿದಳು. ಹಾಕಿದೆ. ಅದೇ ಕೈಬರಹ, 1971ರ ಆ ಕಾಗದದ ಕೆಳಗೆ ನಮ್ಮ ತಂದೆಯ ಹೆಸರನ್ನು ಬರೆದದ್ದೂ ಅದೇ ಕೈ. ಆ ದಿನ ನಾನು ಚಿಕ್ಕಪ್ಪನಿಗೆ, ಸಂಜೆ ಮನೆಗೆ ಬನ್ನಿ, ಬದುವಿನ ವಿಷಯ ಮಾತನಾಡೋಣ ಎಂದಷ್ಟೇ ಬರೆದಿದ್ದರೆ ಅವರು ಬರುತ್ತಿದ್ದರೋ ಇಲ್ಲವೋ ತಿಳಿಯದು. ಬರೆಯಬೇಕೆಂದು ನನಗೆ ಯಾರೂ ಹೇಳಲಿಲ್ಲ, ಯಾವ ಕಾನೂನೂ ಕೇಳಲಿಲ್ಲ. ಕೇಳಿದ್ದರೆ ಬರೆಯುತ್ತಿದ್ದೆನೆಂದು ನಂಬಿಕೊಂಡಿದ್ದೇನೆ.